ತನ್ನ ಆಲ್ಬಮ್ಮಿನಲ್ಲಿ ತಾನೇ ಇಲ್ಲದವನು

ಯಾರ ಮನೆಗೆ ಹೋದರೂ ಅಲ್ಲಿ ಹಾಡು ಹಾಕಿದ್ದರೆ ನಾನು ಮೆಲ್ಲಗೆ ಎದ್ದು ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತೇನೆ. ಮನೆಯವರು ಮೊದಲು ಗೋಡೆ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ಒಮ್ಮೆ ಒಬ್ಬರು ನನಗೆ ತಲೆಸುತ್ತು ಬಂತೆಂದು ಕುರ್ಚಿ ತಂದರು. ಇನ್ನೊಬ್ಬರು ನಾನು ಗೋಡೆಯ ತೇವ ಪತ್ತೆ ಮಾಡಿದೆನೆಂದುಕೊಂಡು ಮನೆ ಕಟ್ಟಿದ ಕಂಟ್ರಾಕ್ಟರನನ್ನು ಅರ್ಧ ಗಂಟೆ ಬೈದರು. ನನ್ನ ಹೆಂಡತಿ ಮಾತ್ರ, "ಗಾಬರಿ ಆಗ್ಬೇಡಿ, ಇವ್ರು ಹಾಡನ್ನ ಕೈಯಲ್ಲಿ ಕೇಳ್ತಾರೆ" ಎಂದು ಸಮಾಧಾನ ಹೇಳುತ್ತಾಳೆ. ಹಾಗೆ ಹೇಳುವಾಗ ಅವಳ ತುಟಿಯ ಅಂಚಿನಲ್ಲಿ ಒಂದು ಸಣ್ಣ ನಗೆ ಇರುತ್ತದೆ. ನಲವತ್ತು ವರ್ಷದ ಹಳೆಯ ನಗೆ ಅದು. ಇನ್ನೂ ಸವೆದಿಲ್ಲ.

ಈ ಅಭ್ಯಾಸ ನನಗೆ ಅಂಟಿದ್ದು ಒಂದು ಕ್ಯಾಸೆಟ್ಟಿನಿಂದ. ಅದನ್ನು ಹೇಳುವ ಮುಂಚೆ ಒಂದು ಎಚ್ಚರಿಕೆ ಕೊಡಬೇಕು. ನನ್ನ ನೆನಪನ್ನು ನಾನು ನಂಬುವುದಿಲ್ಲ. ನೆಂಟರು ಬರುತ್ತಾರೆಂದು ಗೊತ್ತಾದ ಕೂಡಲೇ ಹರಡಿದ್ದನ್ನೆಲ್ಲ ಮಂಚದ ಕೆಳಗೆ ತಳ್ಳಿ, ಮೇಲೊಂದು ಚಾದರ ಎಳೆದು, ಮನೆ ಯಾವಾಗಲೂ ಹೀಗೇ ಇರುತ್ತದೆ ಎಂಬಂತೆ ನಿಂತುಬಿಡುತ್ತದೆ ಅದು. ನೀವು ನೆಂಟರಾಗಿ ಬಂದಿದ್ದೀರಿ. ದಯವಿಟ್ಟು ಆಗಾಗ ಚಾದರ ಎತ್ತಿ ನೋಡಿ.

ಎಂಬತ್ತರ ದಶಕ ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದೆ, ಶೆಟ್ಟಿಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿದ್ದೆ. ಬಿಡುವಿನಲ್ಲಿ ಸಾಹಿತ್ಯವನ್ನು ಬುಡಮೇಲು ಮಾಡುತ್ತಿದ್ದೆ. ಅಂದರೆ, ಪೂರ್ಣವಿರಾಮವಿಲ್ಲದ ಪದ್ಯ, ನಡುವಿನಿಂದ ಶುರುವಾಗಿ ನಡುವಿನಲ್ಲೇ ನಿಲ್ಲುವ ಕತೆ, ಇಂಥವನ್ನು ಬರೆದು ಸಣ್ಣ ಪತ್ರಿಕೆಯೊಂದಕ್ಕೆ ಕಳಿಸುತ್ತಿದ್ದೆ. ಒಮ್ಮೆ ನನ್ನ ಪದ್ಯ ಅಚ್ಚಿನ ಮನೆಯವರ ತಪ್ಪಿನಿಂದ ತಲೆಕೆಳಗಾಗಿ ಅಚ್ಚಾಯಿತು. ಅದೇ ನನ್ನ ಅತ್ಯಂತ ಧೈರ್ಯದ ಪ್ರಯೋಗವೆಂದು ಇಬ್ಬರು ಓದುಗರು ಪತ್ರ ಬರೆದರು. ನಾನು ಅಲ್ಲವೆನ್ನಲಿಲ್ಲ.

ಅಂಥ ದಿನಗಳಲ್ಲಿ ಬೆಂಗಳೂರಿನ ಹಳೆಯ ಪುಸ್ತಕದ ಬೀದಿಯೊಂದರಲ್ಲಿ ಆ ಕ್ಯಾಸೆಟ್ಟು ಸಿಕ್ಕಿತು. ಜಾಜ್ ಸಂಗೀತಕ್ಕೆ ರಾಕ್ ಸಂಗೀತವನ್ನು ಬೆರೆಸಿ ಕುದಿಸಿದ ಹೊಸ ಬಗೆ, ಅದಕ್ಕೆ ಫ್ಯೂಷನ್ ಎನ್ನುತ್ತಾರೆ ಎಂದು ಹೊದಿಕೆಯ ಮೇಲಿದ್ದದ್ದನ್ನು ಓದಿ ತಿಳಿದುಕೊಂಡೆ. ಆಲ್ಬಮ್ಮು ಒಬ್ಬ ಎಲೆಕ್ಟ್ರಿಕ್ ಬೇಸ್ ಗಿಟಾರ್ ವಾದಕನದು. ಬೇಸ್ ಎಂದರೆ ಮಂದ್ರ, ಎಲ್ಲಕ್ಕಿಂತ ಕೆಳಗಿನ ಸ್ವರ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿ ತೆಗೆದು, ಇಲ್ಲಿ ನಾನು ಬರೆಯುವುದರ ಜೊತೆ ಹೋಲಿಸಿ ನೋಡುತ್ತೀರಿ. ಹೊದಿಕೆಯ ಚಿತ್ರದಲ್ಲಿ ಅವನು ಉದ್ದ ಕೂದಲು ಬಿಟ್ಟುಕೊಂಡು, ಗಿಟಾರನ್ನು ನೇಗಿಲಿನಂತೆ ಹೆಗಲಿಗೇರಿಸಿ, ನೆಲ ಬಿಟ್ಟು ಒಂದು ಗೇಣು ಮೇಲೆ ನೆಗೆದಿದ್ದ. ಮೊನ್ನೆ ಮಗಳು ಅದೇ ಆಲ್ಬಮ್ಮಿನ ಚಿತ್ರವನ್ನು ಫೋನಿನಲ್ಲಿ ತೋರಿಸಿದಳು. ಅವನು ಕುರ್ಚಿಯ ಮೇಲೆ ಕೂತಿದ್ದಾನೆ. ಕೂದಲೂ ಅಷ್ಟೇನೂ ಉದ್ದವಿಲ್ಲ. ಇರಲಿ. ನನ್ನ ಪಾಲಿಗೆ ಅವನು ಇಷ್ಟು ವರ್ಷ ನೆಗೆದೇ ಇದ್ದಾನೆ, ಈಗ ಕೆಳಗಿಳಿ ಎನ್ನಲು ನನಗೆ ಮನಸ್ಸಿಲ್ಲ.

ನನ್ನ ಟೇಪ್ ರೆಕಾರ್ಡರು ಒಂದು ಇಟ್ಟಿಗೆಯಷ್ಟು ದೊಡ್ಡದು. ಅದರ ಸ್ಪೀಕರು ಒಂದು ನಿಪ್ಪಟ್ಟಿನಷ್ಟು ಅಗಲ. ಮನೆಗೆ ಬಂದು ಕ್ಯಾಸೆಟ್ಟು ಹಾಕಿದೆ. ಡ್ರಮ್ಮು ಸಿಡಿಯಿತು, ಸ್ಯಾಕ್ಸೋಫೋನು ಕೂಗಿತು, ಕೀಬೋರ್ಡು ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯಂತೆ ಚಟಪಟ ಎಂದಿತು. ಆಲ್ಬಮ್ಮಿನ ಯಜಮಾನ ಮಾತ್ರ ಎಲ್ಲೂ ಇರಲಿಲ್ಲ. ಒಂದು ಬದಿ ಮುಗಿಯಿತು, ಇನ್ನೊಂದು ಬದಿ ಮುಗಿಯಿತು. ಇಲ್ಲ. ಬೇರೆ ಯಾರಾದರೂ ಆಗಿದ್ದರೆ ರೆಕಾರ್ಡರಿನ ಮೇಲೆ ಸಂಶಯಪಡುತ್ತಿದ್ದರು. ನಾನು ನವ್ಯದವನು. ರೋಮಾಂಚನಗೊಂಡೆ. ತನ್ನ ಹೆಸರಿನ ಆಲ್ಬಮ್ಮಿನಲ್ಲಿ ತಾನೇ ಇಲ್ಲದಿರುವುದು! ಎಂಥ ನಿರಾಕರಣೆ, ಎಂಥ ಸಂಯಮ. ರಾತ್ರೋರಾತ್ರಿ ಎನ್ನಲಾರೆ, ಎರಡು ಭಾನುವಾರ ಕೂತು, 'ಗೈರುಹಾಜರಿಯ ನಾದ' ಎಂಬ ಹನ್ನೊಂದು ಪುಟದ ಲೇಖನ ಬರೆದೆ. ಅದು ಅಚ್ಚಾಯಿತು, ಈ ಸಲ ನೆಟ್ಟಗೆ. ಅದರಲ್ಲಿ "ಅವನ ಮೌನ ಉಳಿದವರ ಗದ್ದಲಕ್ಕಿಂತ ಗಟ್ಟಿಯಾಗಿ ಕೇಳಿಸುತ್ತದೆ" ಎಂಬ ವಾಕ್ಯವಿತ್ತು. ಹೆಂಡತಿ ಅದನ್ನು ಓದಿ, "ಹಂಗಾದ್ರೆ ನಂಗೂ ಒಂದ್ ಲೇಖನ ಬರೀರಿ, ಈ ಮನೇಲಿ ನಾನೂ ಅಷ್ಟೇ ತಾನೆ" ಎಂದಳು.

ಈಗ ಮೆಹಬೂಬ್ ಬರಬೇಕು. ಅವನು ಬಂದದ್ದು ನಮ್ಮ ಮನೆಯ ಹೆಂಚಿನ ಅಂಚಿಗೆ ಮಳೆನೀರು ಹರಿಯುವ ತಗಡಿನ ದೋಣಿ ಕೂರಿಸಲು. ಪೇಟೆಯಲ್ಲಿ ಅವನದೊಂದು ತಗಡಿನ ಅಂಗಡಿ: ಟ್ರಂಕು, ಡಬ್ಬ, ಸ್ನಾನದ ಮನೆಯ ಬಾಗಿಲು, ಎಲ್ಲ ಮಾಡುತ್ತಿದ್ದ. ಲಗ್ನದ ಕಾಲ ಬಂದರೆ ಸುತ್ತಿಗೆ ಇಟ್ಟು ಅಣ್ಣನ ಬ್ಯಾಂಡ್ ಸೆಟ್ಟಿನಲ್ಲಿ ಊದುತ್ತಿದ್ದ. ಅಣ್ಣ ಇಮಾಮ್ ಸಾಬರು ಕ್ಲಾರಿನೆಟ್ ವಾದಕರು, ಬ್ಯಾಂಡಿನ ಮಾಸ್ಟರು. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಅವರ ಕ್ಲಾರಿನೆಟ್ ಇಲ್ಲದೆ ಗಂಡು ಮಂಟಪಕ್ಕೆ ಹತ್ತುವುದಿಲ್ಲ ಎಂಬ ಹೆಸರಿತ್ತು. ಮೆಹಬೂಬನದು ಅವರಪ್ಪ ಊದುತ್ತಿದ್ದ ದೊಡ್ಡ ಹಿತ್ತಾಳೆ ವಾದ್ಯ, ಮಡಿಲಲ್ಲಿ ಮಗುವಿನಂತೆ ಅಪ್ಪಿ ಹಿಡಿಯಬೇಕಾದದ್ದು. ಬ್ಯಾಂಡಿನವರು ಅದನ್ನೂ ಬೇಸ್ ಎಂದೇ ಕರೆಯುತ್ತಿದ್ದರು.

ಏಣಿಯ ಮೇಲೆ ನಿಂತು ಮೊಳೆ ಹೊಡೆಯುತ್ತಿದ್ದವನು ಸುತ್ತಿಗೆ ನಿಲ್ಲಿಸಿದ. ಒಳಗೆ ನನ್ನ ಕ್ಯಾಸೆಟ್ಟು ಓಡುತ್ತಿತ್ತು. ಒಂದು ಹಾಡು ಪೂರ್ತಿ ಕೇಳಿ, ಕಿಟಕಿಯೊಳಕ್ಕೆ ಬಗ್ಗಿ ಹೇಳಿದ:

"ಸಾರ್, ಇದ್ರಲ್ಲಿ ಒಬ್ಬ ಕಮ್ಮಿ ಅವ್ನೆ."

ಅದೇ ಇದರ ಸೊಗಸು ಎಂದು ನಾನು ಲೇಖನದ ಸಾರಾಂಶ ಹೇಳಿದೆ. ಅವನು ಏಣಿಯ ಮೇಲೇ ನಿಂತು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡ. ಆಮೇಲೆ ತಲೆ ಅಲ್ಲಾಡಿಸಿದ.

"ಅಂಗಲ್ಲ ಸಾರ್. ಇವ್ರೆಲ್ಲ ಯಾರನ್ನೋ ನೋಡ್ಕಂಡು ಬಾರಿಸ್ತವ್ರೆ. ಅವ್ನು ಅಲ್ಲೇ ಅವ್ನೆ. ನಮಗ್ ಕೇಳಿಸ್ತಿಲ್ಲ, ಅಷ್ಟೇ."

ನಾನು ಅವನಿಗೆ ಕಾಫಿ ಕೊಟ್ಟೆ. ಪಾಪ, ಇವನಿಗೆ ಆಧುನಿಕತೆ ತಲುಪಿಲ್ಲ ಎಂದುಕೊಂಡೆ.

ನನಗಾದರೂ ಗೊತ್ತಿರಬೇಕಿತ್ತು. ನಾನು ಹುಟ್ಟಿ ಬೆಳೆದದ್ದು ಗುಬ್ಬಿಯ ಹತ್ತಿರದ ಕಡಬದಲ್ಲಿ. ಅಲ್ಲಿ ಅಜ್ಜಿ ಬೆಳಗಿನ ಜಾವ ರಾಗಿ ಬೀಸುತ್ತಿದ್ದಳು. ಚಾಪೆಯ ಮೇಲೆ ಮಗ್ಗುಲಾದರೆ ಕೆನ್ನೆಗೆ ಮೊದಲು ಬೀಸುವ ಕಲ್ಲು ಮುಟ್ಟುತ್ತಿತ್ತು, ಕಿವಿಗೆ ಅವಳ ಪದ ಆಮೇಲೆ. ಕೆರೆ ಏರಿಯ ಮೇಲೆ ತೆಂಗಿನಕಾಯಿ ತುಂಬಿದ ಗಾಡಿ ಬರುವುದು ಕಾಲಡಿಗೆ ಮೊದಲು ಗೊತ್ತಾಗುತ್ತಿತ್ತು. ಕೆಳಗಿನ ಸದ್ದು ನೆಲದಿಂದ ಬರುತ್ತದೆ ಎನ್ನುವುದು ಆ ಊರಿನ ಕರುಗಳಿಗೂ ತಿಳಿದಿತ್ತು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಮೇಲೆ ನನಗೆ ಮರೆತುಹೋಯಿತು.

ಮೆಹಬೂಬನ ಸ್ನೇಹ ಬೆಳೆಯಿತು. ನಾನು ಸುಮ್ಮನಿರಬಾರದೆ? ನಿಮ್ಮ ಬ್ಯಾಂಡನ್ನು ಒಮ್ಮೆ ರೆಕಾರ್ಡು ಮಾಡುತ್ತೇನೆ ಎಂದೆ. ಬೀದಿಯ ಸದ್ದು, ಜನರ ಕೂಗು, ಬಸ್ಸಿನ ಹಾರನ್ನು, ಎಲ್ಲ ಸೇರಿದ ಪ್ರಯೋಗ ಎಂದು ನನ್ನ ಲೆಕ್ಕಾಚಾರ. ಮಾಸ್ಟರಿಗೆ ಬಹಳ ಸಂತೋಷವಾಯಿತು. ಕುಣಿಗಲ್ಲಿನಲ್ಲಿ ತೆಂಗಿನ ಮಂಡಿಯವರೊಬ್ಬರ ಮನೆಯ ಮದುವೆಗೆ ನನ್ನನ್ನೂ ಕರೆದುಕೊಂಡು ಹೋದರು. ಹೆಬ್ಬೂರು ದಾಟುವಷ್ಟರಲ್ಲಿ ಬಸ್ಸಿನವರಿಗೆಲ್ಲ ನಾನು ರೇಡಿಯೋದಿಂದ ಬಂದವನೆಂದು ಅವರು ನಂಬಿಸಿಯಾಗಿತ್ತು. ಸಂಜೆಯ ಬಿಸಿಲಿನಲ್ಲಿ ಮೆರವಣಿಗೆ ಹೊರಟಾಗ ನಾನು ಇಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಹಿಂದುಹಿಂದಕ್ಕೆ ನಡೆಯುತ್ತಾ, ಎರಡು ಸಲ ಸಗಣಿ ತುಳಿದು, ಮೂರು ಹಾಡು ತುಂಬಿಕೊಂಡೆ.

ಮಾರನೆಯ ದಿನ ಮಾಸ್ಟರ ಮನೆಯಲ್ಲಿ ಹಾಕಿದೆವು. ಮನೆಯವರು, ಅಕ್ಕಪಕ್ಕದವರು, ಬ್ಯಾಂಡಿನ ಅರ್ಧ ಜನ, ಎಲ್ಲ ಜಮಖಾನದ ಮೇಲೆ ಕೂತಿದ್ದರು. ಕ್ಲಾರಿನೆಟ್ಟು ಹಕ್ಕಿಯಂತೆ ಸ್ಪಷ್ಟವಾಗಿ ಬಂತು. ಮಾಸ್ಟರು ಕಣ್ಣು ಮುಚ್ಚಿ ತಮ್ಮನ್ನು ತಾವು ಕೇಳಿಸಿಕೊಂಡರು. ಎರಡನೇ ಹಾಡಿನಲ್ಲಿ ಒಂದು ಕಡೆ ಕ್ಲಾರಿನೆಟ್ಟು ನಡುವೆ ನಿಂತು, ಡ್ರಮ್ಮು ಒಂಟಿಯಾಗಿ ಓಡಿ, ಮತ್ತೆ ಕ್ಲಾರಿನೆಟ್ಟು ಬಂದು ಸೇರಿಕೊಳ್ಳುತ್ತಿತ್ತು. ನಾನು ಆಹಾ ಎಂದೆ. ಆ ವಿರಾಮ ಅದ್ಭುತ ಎಂದೆ. ಮಾಸ್ಟರು ಕಣ್ಣು ಮುಚ್ಚಿಯೇ ಕೈ ಎತ್ತಿ ಹೊಗಳಿಕೆಯನ್ನು ಸ್ವೀಕರಿಸಿದರು.

ಮೂರನೇ ಹಾಡು ಮುಗಿದ ಮೇಲೆ ಅವರು ಕಣ್ಣು ತೆರೆದು, ನಮ್ಮ ಮೆಹಬೂಬ್ ಎಲ್ಲಿ ಎಂದು ಕೇಳಿದರು. ಮತ್ತೆ ಹಾಕಿದೆ. ಎಲ್ಲರೂ ಕತ್ತು ಮುಂದೆ ಮಾಡಿ ಕೇಳಿದರು. ಟ್ರಂಪೆಟ್ಟು ಇದೆ, ತಾಳ ಇದೆ, ಹಿಂದೆ ಯಾವುದೋ ಎಮ್ಮೆ ಕೂಗಿದ್ದೂ ಇದೆ. ಮೆಹಬೂಬನ ಬೇಸ್ ಇಲ್ಲ. ಜಮಖಾನದ ಮೇಲೆ ಒಂದು ಬಗೆಯ ಮೌನ ಹರಡಿತು. ನನ್ನ ಲೇಖನದಲ್ಲಿ ಹೊಗಳಿದ್ದ ಬಗೆಯದಲ್ಲ.

"ಮೂರ್ ಹಾಡಿಗೂ ಊದ್ಲಿಲ್ವೇನ್ಲಾ?" ಎಂದರು ಮಾಸ್ಟರು. ನಾನಿದ್ದೇನೆಂದು ಕನ್ನಡದಲ್ಲಿಯೇ ಕೇಳಿದರು. "ಬರೀ ಕೆನ್ನೆ ಉಬ್ಬಿಸ್ಕಂಡ್ ಬಂದ್ಯಾ?"

ತಗಡಿನ ಅಂಗಡಿ ಚೆನ್ನಾಗಿ ನಡೆಯತೊಡಗಿದ ಮೇಲೆ ತಮ್ಮನಿಗೆ ಬ್ಯಾಂಡಿನ ಮೇಲೆ ಮನಸ್ಸಿಲ್ಲ ಎಂಬ ಗುಮಾನಿ ಅವರಿಗೆ ಮೊದಲೇ ಇತ್ತು. ಈಗ ಸಾಕ್ಷಿ ಸಿಕ್ಕಿತು. ಎಮ್ಮೆಯ ಧ್ವನಿಯನ್ನೂ ಬಿಡದೆ ಹಿಡಿದ ಮಿಷನ್ನು ಇವನನ್ನು ಮಾತ್ರ ಯಾಕೆ ಬಿಡುತ್ತದೆ? ಅಲ್ಲೇ, ಎಲ್ಲರೆದುರೇ ತೀರ್ಮಾನವಾಯಿತು. ಬರುವ ಲಗ್ನದಿಂದ ಮೆಹಬೂಬ್ ಬೇಡ, ಆ ಜಾಗಕ್ಕೆ ಇನ್ನೊಂದು ಟ್ರಂಪೆಟ್ಟು. ಅಪ್ಪನ ಬೇಸ್ ಪೆಟ್ಟಿಗೆಯಲ್ಲಿರಲಿ. ಮೆಹಬೂಬ್ ಊದಿದೆ ಎನ್ನಲಿಲ್ಲ, ಊದಲಿಲ್ಲ ಎನ್ನಲಿಲ್ಲ. ಬಾಗಿಲ ಹತ್ತಿರ ನನ್ನ ಚಪ್ಪಲಿ ಹುಡುಕಿ ಕೊಟ್ಟ.

ನಾನು ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದೆ. ನನ್ನ ಕಣ್ಣೆದುರಿಗೇ ಅವನು ಊದುವುದನ್ನು ನೋಡಿದ್ದೆ. ಆದರೆ ಕೇಳಿದ್ದೆನೇ? ಕಣ್ಣಿಗೆ ಕಂಡದ್ದನ್ನೇ ಕಿವಿಗೂ ಕೇಳಿಸಿದಂತೆ ನೆನಪು ಹೊಲಿದುಬಿಟ್ಟಿತ್ತೇ? ಹೀಗೆಲ್ಲ ಸೂಕ್ಷ್ಮವಾಗಿ ಯೋಚಿಸಿ ಎರಡು ದಿನ ಕಳೆದೆ. ಮೂರನೆಯ ದಿನ ತರಗತಿಯಲ್ಲಿ ಶಬ್ದದ ಅಧ್ಯಾಯದ ಕೊನೆಯ ಪ್ರಶ್ನೆಗಳನ್ನು ಬಿಡಿಸುತ್ತಿದ್ದೆ. ಚಿಕ್ಕ ಸ್ಪೀಕರಿನಲ್ಲಿ ಮಂದ್ರಸ್ವರಗಳು ಕೇಳಿಸದಿರಲು ಕಾರಣವೇನು? ಆ ಉತ್ತರವನ್ನು ನಾನು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತಾ ಬಂದಿದ್ದೆ. ಅಂದು ಅರ್ಧ ಬರೆದು ಸೀಮೆಸುಣ್ಣ ಹಾಗೇ ನಿಂತಿತು. ನಿಪ್ಪಟ್ಟು ನೆನಪಾಯಿತು. ಹನ್ನೊಂದು ಪುಟದ ಲೇಖನ ನೆನಪಾಯಿತು. ಏಣಿಯ ಮೇಲಿನ ಮೆಹಬೂಬ್ ನೆನಪಾದ. ಉಳಿದ ಉತ್ತರವನ್ನು ಮನೆಯಲ್ಲಿ ಓದಿಕೊಳ್ಳಿ ಎಂದು ಹೇಳಿ ಹೊರಗೆ ಬಂದೆ.

ಮನೆಯಿಂದ ಆ ಜಾಜ್ ಕ್ಯಾಸೆಟ್ಟು ತೆಗೆದುಕೊಂಡು, ಸೈಕಲ್ ತುಳಿದು ಮಾಸ್ಟರ ಮನೆಗೆ ಹೋಗಿ ಅದರ ಹೊದಿಕೆ ತೋರಿಸಿದೆ. ನೋಡಿ ಸಾಬರೇ, ಇವನು ಬೇಸ್ ಬಾರಿಸುವವನು, ಇದು ಇವನದೇ ಕ್ಯಾಸೆಟ್ಟು, ಆದರೂ ನನ್ನ ಮಿಷನ್ನಿನಲ್ಲಿ ಇವನೂ ಕೇಳಿಸುವುದಿಲ್ಲ. ತಪ್ಪು ಮಿಷನ್ನಿನದು, ನಿಮ್ಮ ತಮ್ಮನದಲ್ಲ ಎಂದೆ. ಬಾರಿಸದೆ ಇರುವವನ ಫೋಟೋವನ್ನು ಯಾವ ಕಂಪನಿಯಾದರೂ ಹಾಕುತ್ತದೆಯೇ ಎಂದೆ. ಮಾಸ್ಟರು ಕನ್ನಡಕ ಹಾಕಿಕೊಂಡು ಚಿತ್ರವನ್ನು ಬಹಳ ಹೊತ್ತು ಪರೀಕ್ಷಿಸಿದರು.

"ಇವ್ನೂ ಸುಮ್ನೆ ಹಿಡ್ಕಂಡ್ ನಿಂತಿರ್ಬೌದು ಸಾರ್. ಫೋಟೋದಾಗೆ ಸೌಂಡ್ ಬತ್ತದಾ?"

ಹನ್ನೊಂದು ಪುಟದಲ್ಲಿ ನಾನು ಹೇಳಿದ್ದನ್ನೇ ಅವರು ಒಂದು ವಾಕ್ಯದಲ್ಲಿ ಹೇಳಿದ್ದರು. ಅವರನ್ನು ವಿರೋಧಿಸುವ ಹಕ್ಕು ನನಗಿರಲಿಲ್ಲ.

ದೊಡ್ಡ ಸ್ಪೀಕರು ಬೇಕಾಗಿತ್ತು. ನಮ್ಮ ಮೈಕ್ ಸೆಟ್ಟುಗಳ ಕಹಳೆಯಂಥ ಸ್ಪೀಕರಿನಲ್ಲಿಯೂ ಕೀರಲು ಸ್ವರವೇ ಜಾಸ್ತಿ. ಆಗ ಸಿದ್ದಲಿಂಗ ನೆನಪಾದ. ಕಡಬದಲ್ಲಿ ನನ್ನ ಜೊತೆ ಓದಿದವನು, ಗುಬ್ಬಿಯ ಸಿನಿಮಾ ಟಾಕೀಸೊಂದರಲ್ಲಿ ಆಪರೇಟರು. ಅಲ್ಲಿ ಪರದೆಯ ಹಿಂದೆ ಬೀರುವಿನಷ್ಟು ದೊಡ್ಡ ಸ್ಪೀಕರುಗಳಿದ್ದವು. ಆಟ ಶುರುವಾಗುವ ಮುಂಚೆ ಜನರಿಗೆ ಹಾಡು ಕೇಳಿಸಲು ಒಂದು ಕ್ಯಾಸೆಟ್ ಪ್ಲೇಯರೂ ಇತ್ತು. ಮ್ಯಾಟಿನಿಗೆ ಮುಂಚೆ ಹಾಕಿಕೊಡುತ್ತೇನೆ ಎಂದು ಅವನು ಒಪ್ಪಿದ.

ಹೊರಡುವ ಹಿಂದಿನ ದಿನ ಮೆಹಬೂಬ್ ಕಾಲೇಜಿನ ಹತ್ತಿರ ಬಂದ. ಇದೆಲ್ಲ ಯಾಕೆ ಸಾರ್, ತಗಡಿನ ಕೆಲಸ ಇದೆಯಲ್ಲ ಎಂದ. ನಾನು ನ್ಯಾಯ, ಸತ್ಯ, ವಿಜ್ಞಾನ ಎಂದು ಮೂರು ದೊಡ್ಡ ಮಾತು ಹೇಳಿದೆ. ಅವನು ಸ್ವಲ್ಪ ಹೊತ್ತು ಸೈಕಲ್ಲಿನ ಬೆಲ್ಲನ್ನು ಒತ್ತದೆ ಬೆರಳಲ್ಲಿ ಸವರುತ್ತಾ ನಿಂತ.

"ಆ ಫಾರಿನ್ ಕ್ಯಾಸೆಟ್ ಒಂದೇ ಹಾಕ್ಸಿ. ಮದ್ವೇದು ಬ್ಯಾಡ, ಬುಡಿ."

ವಿನಯ ಎಂದುಕೊಂಡೆ. ಜನರನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ನನ್ನದು ಅದೇ ನಿಪ್ಪಟ್ಟಿನ ಅಗಲ.

ಅಂತೂ ಅಣ್ಣತಮ್ಮಂದಿರು ಮತ್ತು ನಾನು ಗುಬ್ಬಿಗೆ ಹೋದೆವು. ಟಾಕೀಸು ಅರ್ಧ ತುಂಬಿತ್ತು. ಕಡಲೆಕಾಯಿ ಸಿಪ್ಪೆ, ಬೀಡಿ ಹೊಗೆ, ಹೆಂಗಸರ ಕಡೆಯಿಂದ ಒಂದು ಮಗುವಿನ ಅಳು. ನಾವು ಹಿಂದಿನ ಗೋಡೆಗೆ ಒರಗಿ ನಿಂತೆವು. ಸಿದ್ದಲಿಂಗ ಮೇಲಿನ ಕಿಂಡಿಯಿಂದ ಕೈ ಬೀಸಿದ.

ಡ್ರಮ್ಮು ಬಂತು. ಆಮೇಲೆ ಅವನು ಬಂದ.

ಏನೆಂದು ಹೇಳಲಿ? ನಾನು ಒಂದು ವರ್ಷ ಮೌನ ಎಂದು ಮೆಚ್ಚಿದ್ದ ಜಾಗದಲ್ಲಿ ಆ ಮನುಷ್ಯ ಒಂದು ಗಳಿಗೆ ಸುಮ್ಮನಿರಲಿಲ್ಲ. ಓಡಿದ, ಎಡವಿದಂತೆ ಮಾಡಿ ನೆಗೆದ, ಹೆಬ್ಬೆರಳಿನಲ್ಲಿ ತಂತಿಗೆ ಬಾರಿಸಿ ಬೆರಳಿನಲ್ಲಿ ಕಿತ್ತ, ಸ್ಯಾಕ್ಸೋಫೋನಿನವನ ಕಾಲ ಸಂದಿಯಲ್ಲಿ ಮೇಕೆಮರಿಯಂತೆ ನುಗ್ಗಿ ಆ ಕಡೆ ಎದ್ದ. ಡ್ರಮ್ಮಿನವನು ಒಂದು ಹೇಳಿದರೆ ಇವನು ನಾಲ್ಕು ಹೇಳಿದ. ಇಡೀ ಆಲ್ಬಮ್ಮಿನಲ್ಲಿ ಸಂಯಮ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ನನ್ನ ಬೆನ್ನ ಹಿಂದಿನ ಗೋಡೆ ನಡುಗಿತು. ಅಂಗೈ ಇಟ್ಟು ನೋಡಿದೆ, ಗೋಡೆಯೇ ಬಾರಿಸುತ್ತಿತ್ತು. ಉಳಿದವರ ಆ ಕುಣಿತ, ಆ ಕೂಗು, ಎಲ್ಲವೂ ಯಾಕೆ ಎಂದು ಆಗ ತಿಳಿಯಿತು. ಅವರೆಲ್ಲ ಇವನನ್ನು ನೋಡಿಕೊಂಡು ಬಾರಿಸುತ್ತಿದ್ದರು.

ಮುಂದಿನ ಬೆಂಚಿನಿಂದ ಒಬ್ಬ ಎದ್ದು ಕಿಂಡಿಯ ಕಡೆ ತಿರುಗಿ, "ಏನ್ಲಾ ಸಿದ್ದಾ, ಜನರೇಟರ್ ಆನ್ ಮಾಡಿದ್ದೀಯೇನ್ಲಾ?" ಎಂದು ವಿಚಾರಿಸಿದ. ಅಳುತ್ತಿದ್ದ ಮಗು ಸುಮ್ಮನಾಗಿತ್ತು. ಹಾಗೆಂದು ನನ್ನ ನೆನಪು ಹೇಳುತ್ತದೆ. ಇದು ಚಾದರದ ಕೆಲಸವೂ ಇರಬಹುದು.

ಇಮಾಮ್ ಸಾಬರು ಬಾಯಿ ಅರ್ಧ ತೆರೆದುಕೊಂಡು ನಿಂತಿದ್ದರು. ಹಾಡು ಮುಗಿದಾಗ ನನ್ನ ಕಡೆ ತಿರುಗಿ, ಫೋಟೋದವನು ಇದ್ದಾನೆ ಎಂದು ಒಪ್ಪಿಕೊಂಡರು. ಬರೀ ಇದ್ದಾನಲ್ಲ, ಮನೆ ಅವನದೇ ಎಂದರು. ಮೆಹಬೂಬ್ ಗೆದ್ದ ಎಂದು ನಾನು ಅವನ ಬೆನ್ನು ತಟ್ಟಿದೆ. ಕೆಲಸ ಅಲ್ಲಿಗೆ ಮುಗಿದಿತ್ತು. ಮುಗಿಸಬೇಕಿತ್ತು. ಆದರೆ ಮಾಸ್ಟರಿಗೆ ಹುರುಪು ಬಂದಿತ್ತು. ಇಂಥ ಸ್ಪೀಕರಿನಲ್ಲಿ ತಮ್ಮ ಕ್ಲಾರಿನೆಟ್ಟನ್ನು ಕೇಳಬೇಕೆನ್ನಿಸಿತ್ತು. ನಮ್ಮದನ್ನೂ ಹಾಕಿಸಿ ಸಾರ್ ಎಂದರು. ಮೆಹಬೂಬ್, ಆಟಕ್ಕೆ ಹೊತ್ತಾಯಿತು, ಬಸ್ಸಿಗೆ ಹೊತ್ತಾಯಿತು ಎಂದ. ನನ್ನ ಜೇಬಿನಲ್ಲಿ ಆ ಕ್ಯಾಸೆಟ್ಟು ಇತ್ತು. ಅವನು ಬೇಡವೆಂದಿದ್ದರೂ ತಂದಿದ್ದೆ. ಪ್ರಯೋಗ ಮಾಡುವವನ ಜೇಬು ಅದು. ನಾನು ಮೆಟ್ಟಿಲು ಹತ್ತಿ ಹೋಗಿ ಕೊಟ್ಟೆ.

ಕುಣಿಗಲ್ಲಿನ ಬೀದಿ ಟಾಕೀಸಿನೊಳಕ್ಕೆ ಬಂತು. ಜೊತೆಗೆ ಗೊರಗೊರ ಸದ್ದೂ ಬಂತು, ನನ್ನ ರೆಕಾರ್ಡರಿನ ಕೊಡುಗೆ. ಆದರೆ ಅದರ ನಡುವೆ, ಮಬ್ಬಾಗಿ, ನೆಲಮಾಳಿಗೆಯಿಂದ ಎಂಬಂತೆ, ಬೇಸ್ ಇತ್ತು. ಮೆಹಬೂಬ್ ಮೊದಲಿನಿಂದ ಕೊನೆಯವರೆಗೂ ಊದಿದ್ದ. ನಾನು ಗೆಲುವಿನಿಂದ ಮಾಸ್ಟರ ಮುಖ ನೋಡಿದೆ. ಅಷ್ಟರಲ್ಲಿ ಎರಡನೇ ಹಾಡಿನ ಆ ಜಾಗ ಬಂತು, ನಾನು ಅದ್ಭುತ ವಿರಾಮ ಎಂದಿದ್ದದ್ದು.

ಕ್ಲಾರಿನೆಟ್ಟು ಸಾಲಿನ ನಡುವೆ ನಿಂತಿತು. ಚಿಕ್ಕ ಸ್ಪೀಕರಿನಲ್ಲಿ ಅದು ವಿರಾಮದಂತೆ ಕೇಳಿಸಿತ್ತು. ಇಲ್ಲಿ ಕೇಳಿಸಿದ್ದೇ ಬೇರೆ. ಕ್ಲಾರಿನೆಟ್ಟು ನಿಲ್ಲುವುದಕ್ಕೆ ಒಂದು ಹೆಜ್ಜೆ ಮುಂಚೆಯೇ ಬೇಸ್ ಹಾದಿ ಬದಲಿಸಿತು. ಮುಂದಕ್ಕೆ ಹೋಗುವುದನ್ನು ಬಿಟ್ಟು ಅದೇ ಸಾಲನ್ನು ಸುತ್ತತೊಡಗಿತು. ಒಂದು ಸುತ್ತು, ಇನ್ನೊಂದು ಸುತ್ತು. ಡ್ರಮ್ಮೂ ಅದರ ಜೊತೆ ಸುತ್ತಿತು. ಹಿರಿಯರು ಕೆರೆ ಏರಿ ಹತ್ತುವಾಗ ಜೊತೆಯಲ್ಲಿರುವವರು ಚಪ್ಪಲಿಯ ಮುಳ್ಳು ತೆಗೆಯುವ ನೆಪದಲ್ಲಿ ನಿಲ್ಲುತ್ತಾರಲ್ಲ, ಹಾಗೆ ಅದು ನಿಂತಿತು. ಕ್ಲಾರಿನೆಟ್ಟು ಉಸಿರು ತೆಗೆದುಕೊಂಡು ಬಂತು. ಬೇಸ್ ಏನೂ ಆಗಿಲ್ಲವೆಂಬಂತೆ ಮುಂದಕ್ಕೆ ಹೆಜ್ಜೆ ಹಾಕಿತು.

ಅದು ಆ ಒಂದೇ ಕಡೆ ಇರಲಿಲ್ಲ. ಮೂರನೇ ಹಾಡಿನಲ್ಲಿಯೂ ಇತ್ತು, ಇನ್ನೂ ಹತ್ತಿರ ಹತ್ತಿರ. ಎಲ್ಲ ಕಡೆಯೂ ಕ್ಲಾರಿನೆಟ್ಟು ನಿಲ್ಲುವುದು ಬೇಸ್‌ಗೆ ಮೊದಲೇ ಗೊತ್ತಾಗುತ್ತಿತ್ತು. ನನಗೆ ಇಷ್ಟು ತಿಳಿದದ್ದು ಆಗಲೋ, ಆಮೇಲೆ ಕೂತು ಜೋಡಿಸಿಕೊಂಡೆನೋ, ಖಾತ್ರಿಯಿಲ್ಲ. ಮಾಸ್ಟರಿಗೆ ಮಾತ್ರ ಮೊದಲನೇ ಸುತ್ತಿನಲ್ಲೇ ತಿಳಿಯಿತು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಭೆಯಲ್ಲಿ ಕೂತವನಿಗೆ ತನ್ನ ಅಂಗಿಯ ಬೆನ್ನು ಹರಿದಿದೆ ಎಂದು ತಟ್ಟನೆ ಗೊತ್ತಾದಂತಿತ್ತು. ಮೆಹಬೂಬ್ ತನ್ನ ಕೈಯಲ್ಲಿದ್ದ ಟೋಪಿಯನ್ನು ಮಡಿಸುತ್ತಿದ್ದ, ಬಿಚ್ಚುತ್ತಿದ್ದ. ಗಂಟೆ ಹೊಡೆಯಿತು, ದೀಪ ಆರಿತು, ನಾವು ಹೊರಗೆ ಬಂದೆವು.

ಟಾಕೀಸಿನ ಎದುರಿನ ಚಹಾದಂಗಡಿಯಲ್ಲಿ ಅಣ್ಣತಮ್ಮಂದಿರು ಮಾತಾಡಿಕೊಂಡರು. ನನ್ನೆದುರು ಯಾವಾಗಲೂ ಕನ್ನಡದಲ್ಲಿ ಮಾತಾಡುತ್ತಿದ್ದವರು ಅಂದು ತಮ್ಮ ಮನೆಯ ಉರ್ದುವಿನಲ್ಲಿ, ತಗ್ಗಿದ ದನಿಯಲ್ಲಿ ಮಾತಾಡಿದರು. ನನ್ನ ಉರ್ದು ತರಕಾರಿ ಮಾರ್ಕೆಟ್ಟಿನದು. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ನನ್ನ ಅಂದಾಜು. ಎಷ್ಟು ದಿನದಿಂದ ಎಂದು ಅಣ್ಣ ಕೇಳಿದರು. ಏನು ಎಂದ ತಮ್ಮ. ಗೊತ್ತಿಲ್ಲದವನಂತೆ ಆಡಬೇಡ, ನನ್ನ ಉಸಿರು ಎಂದರು. ಹೋದ ಬಕ್ರೀದಿನಿಂದ ಎಂದ. ಬೇರೆಯವರಿಗೆ ಗೊತ್ತೇ ಎಂದು ಕೇಳಿದರು. ತಮ್ಮ ತಲೆಯಾಡಿಸಿದ, ಅದು ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ. ಹಾಗಿದ್ದರೆ ಅಂದು ಮನೆಯಲ್ಲಿ, ಎಲ್ಲರೆದುರು, ಕೆನ್ನೆ ಉಬ್ಬಿಸುವವನು ಎಂದು ನಾನು ಬೈದಾಗ ಯಾಕೆ ಬಾಯಿ ಬಿಡಲಿಲ್ಲ ಎಂದರು. ಮೆಹಬೂಬ್, ಚಹಾ ಆರುತ್ತದೆ, ಕುಡಿಯಿರಿ ಭಾಯಿ ಎಂದ. ಆ ಮಾತು ಮಾತ್ರ ನನಗೆ ಪೂರ್ತಿ ಅರ್ಥವಾಯಿತು.

ತುಮಕೂರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ನ್ಯಾಯ, ಸತ್ಯ, ವಿಜ್ಞಾನ ಮೂರೂ ನನ್ನ ತೊಡೆಯ ಮೇಲೆ ಎರಡು ಕ್ಯಾಸೆಟ್ಟುಗಳ ರೂಪದಲ್ಲಿ ಕೂತಿದ್ದವು. ಒಬ್ಬನ ಮಾನ ಉಳಿಸಲು ಹೋಗಿ, ಅವನು ಅಷ್ಟು ಜೋಪಾನ ಮಾಡಿದ್ದ ಇನ್ನೊಬ್ಬರ ಮಾನವನ್ನು ಬೀರುವಿನಷ್ಟು ದೊಡ್ಡ ಸ್ಪೀಕರಿನಲ್ಲಿ ಊರಿಗೆ ಕೇಳಿಸಿದ್ದೆ. ಊರಿಗೇನೂ ತಿಳಿಯಲಿಲ್ಲ ಎನ್ನಿ. ಮುಂದಿನ ಬೆಂಚಿನವನು ಅದನ್ನೂ ಜನರೇಟರೆಂದೇ ತಿಳಿದಿರಬೇಕು.

ಪತ್ರಿಕೆಗೆ ಒಂದು ತಿದ್ದುಪಡಿ ಬರೆದೆ. ಬೇಸ್ ವಾದಕ ಗೈರುಹಾಜರಿರಲಿಲ್ಲ, ನನ್ನ ಸ್ಪೀಕರು ಚಿಕ್ಕದಿತ್ತು ಎಂದು ಎರಡೇ ಸಾಲು. ಸಂಪಾದಕರು ಅಚ್ಚು ಮಾಡಲಿಲ್ಲ. ಮೂಲ ಲೇಖನವನ್ನು ಬಹಳ ಜನ ಮೆಚ್ಚಿದ್ದಾರೆ, ಸುಮ್ಮನೆ ಯಾಕೆ ಕೆದಕುತ್ತೀರಿ ಎಂದು ಬರೆದರು. ಈಗಲೂ ಎಲ್ಲಾದರೂ ಒಬ್ಬಿಬ್ಬರು ಅದನ್ನು ಉಲ್ಲೇಖಿಸುತ್ತಾರೆ. ನಾನು ಗೋಡೆ ನೋಡುತ್ತೇನೆ.

ಮಾಸ್ಟರ ಮನೆಗೆ ಹೋಗಲು ನನಗೆ ಮುಖವಿರಲಿಲ್ಲ. ಹೊಸ ಟ್ರಂಪೆಟ್ಟಿನವನನ್ನು ತೆಗೆದುಕೊಂಡರೋ, ಬೇಸ್ ಪೆಟ್ಟಿಗೆಯಲ್ಲೇ ಉಳಿಯಿತೋ ತಿಳಿಯಲಿಲ್ಲ. ತಗಡಿನ ಅಂಗಡಿಯ ಮುಂದೆ ಸೈಕಲ್ ತುಸು ಜೋರಾಗಿಯೇ ತುಳಿಯುತ್ತಿದ್ದೆ. ಲಗ್ನದ ಕಾಲ ಮತ್ತೆ ಬಂತು. ಒಂದು ದಿನ ಪೇಟೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದಾಗ ಕಾಲಡಿಯಲ್ಲಿ ಏನೋ ತಿಳಿದಂತಾಯಿತು. ತಿರುಗಿ ನೋಡಿದರೆ ಮದುವೆಯ ಮೆರವಣಿಗೆ, ಇಮಾಮ್ ಸಾಬರ ಬ್ಯಾಂಡು.

ಬ್ಯಾಂಡಿನಲ್ಲಿ ಕ್ಲಾರಿನೆಟ್ಟು ನಡೆಯುವುದು ಎಲ್ಲರಿಗಿಂತ ಮುಂದೆ. ಅದು ಅವರ ಕಟ್ಟಳೆ. ಬೇಸ್ ಕಡೆಯ ಸಾಲು. ಅಂದು ಮುಂದಿನ ಸಾಲಿನಲ್ಲಿ ಟ್ರಂಪೆಟ್ಟಿನವರಿದ್ದರು. ಮಾಸ್ಟರಿಗಾಗಿ ಕಣ್ಣಾಡಿಸಿದೆ. ಅವರು ಕಡೆಯ ಸಾಲಿನಲ್ಲಿದ್ದರು, ಮೆಹಬೂಬನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಕ್ಲಾರಿನೆಟ್ಟು ಊದುತ್ತಿದ್ದರು, ನಡುನಡುವೆ ನಿಲ್ಲಿಸುತ್ತಿದ್ದರು, ನಿಲ್ಲಿಸಿದಾಗ ಮುಚ್ಚುಮರೆಯಿಲ್ಲದೆ ಬಾಯಿ ತೆರೆದು ಉಸಿರು ತೆಗೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಬೇಸ್ ಸುತ್ತುತ್ತಿತ್ತು.

ಗಂಡಿನ ಕಡೆಯ ಹಿರಿಯರೊಬ್ಬರು, ರೇಷ್ಮೆ ಪೇಟ ಕಟ್ಟಿದವರು, ಸಾಲು ಸೀಳಿಕೊಂಡು ಹಿಂದಕ್ಕೆ ಬಂದು ಆಕ್ಷೇಪಣೆ ಮಾಡಿದರು. ಮಾಸ್ಟರೇ ಹಿಂದೆ ಬಂದು ಸೇರಿಕೊಂಡರೆ ಮುಂದೆ ನಡೆಯುವ ನಮಗೆ ಕ್ಲಾರಿನೆಟ್ಟು ಕೇಳಿಸುವುದು ಹೇಗೆ ಎಂದರು. ಇಮಾಮ್ ಸಾಬರು ವಾದ್ಯವನ್ನು ತುಟಿಯಿಂದ ತೆಗೆದರು. ಮಾತಾಡುವುದಕ್ಕೂ ಅವರಿಗೆ ಒಂದು ಉಸಿರು ಬೇಕಾಯಿತು.

"ನಿಮಗ್ ಕೇಳಿಸ್ತದೆ ಸ್ವಾಮಿ, ನಡೀರಿ" ಎಂದರು. "ನಂಗ್ ಇವ್ನು ಕೇಳಿಸ್ಬೇಕಲ್ಲ."